ಹೆಚ್ಚುವರಿ ಎರಡು ಚಕ್ರಗಳ ಬಳಕೆಗೆ ಪೂರ್ವಾನುಮತಿ ಪಡೆಯುವ ಕುರಿತು

ವಾಹನ ಮತ್ತು ಇತರೆ ಸಾಮಗ್ರಿ ವಿಭಾಗ
ಮೇಲಿನ ಕಾಲುವೆ ಉಪಕಚೇರಿ

ಸಂಖ್ಯೆ: ವಾಇಸಾ/ಚಕ್ರ/2+2/ಹಳೆಯದು
ದಿನಾಂಕ: (ಮುದ್ರೆ ಮಸುಕಾಗಿದೆ)

ಸುತ್ತೋಲೆ

ವಿಷಯ: ಕಚೇರಿಯ ಹಳೆಯ ಸ್ಟೇಷನ್ ವ್ಯಾಗನ್ನಿನ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಕೊಡುವ ಚಿಕ್ಕ ಗೇರಿಗೆ ಹಾಕಿದ್ದ ಅರಗಿನ ಮೊಹರು ಒಡೆದಿರುವ ಬಗ್ಗೆ.

ಉಲ್ಲೇಖ:
1. ಇದೇ ಕಚೇರಿಯ ಹಿಂದಿನ ಸುತ್ತೋಲೆ: ‘ಚಿಕ್ಕ ಗೇರನ್ನು ಯಾರೂ ಮುಟ್ಟತಕ್ಕದ್ದಲ್ಲ.’
2. ಮೇಲಿನ ಕಚೇರಿಯ ಪತ್ರ: ‘ಮೊಹರು ಒಡೆದವರು ಯಾರು? ಕೂಡಲೇ ತಿಳಿಸಿ.’
3. ಅಧೀಕ್ಷಕರ ಶ್ರೀಮತಿಯವರ ಅಭಿಪ್ರಾಯ (ಮೌಖಿಕ, ಅಕ್ಕಪಕ್ಕದ ಕ್ವಾರ್ಟರ್ಸ್‌ಗಳಿಗೂ ಕೇಳಿಸಿದೆ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ವಾಹನವನ್ನು ಓಡಿಸುವ, ತಳ್ಳುವ ಹಾಗೂ ಅದರೊಳಗೆ ಕೂತು ದೇವರನ್ನು ನೆನೆಯುವ ಎಲ್ಲರ ಗಮನಕ್ಕೆ ಈ ಕೆಳಗಿನಂತೆ ತರಲಾಗಿದೆ.

1. ಖರೀದಿ: ಹೊಸ ವಾಹನ ಬೇಕೆಂದು ಬರೆದ ಪತ್ರಕ್ಕೆ ‘ಹಳೆಯದಾದರೂ ಅಡ್ಡಿಯಿಲ್ಲವೆಂದು ತಾವೇ ತಿಳಿಸಿರುತ್ತೀರಿ’ ಎಂಬ ಉತ್ತರ ಬಂದಿತು. ಹಾಗೆ ಯಾರೂ ತಿಳಿಸಿರಲಿಲ್ಲ. ಆದರೂ ಮೇಲಿನವರು ಹೇಳಿದ ಮೇಲೆ ತಿಳಿಸಿದ್ದೇವೆಂದೇ ಭಾವಿಸಿ, ಹಲ್ಲಿನ ಡಾಕ್ಟರೊಬ್ಬರು ಬಳಸಿ ಬೇಸತ್ತಿದ್ದ ಸದರಿ ವ್ಯಾಗನ್ನನ್ನು ಕೊಳ್ಳಲಾಯಿತು. ಅಧೀಕ್ಷಕರ ನೇತೃತ್ವದ ತಪಾಸಣಾ ಸಮಿತಿಯು ಸೀಟನ್ನು ಒತ್ತಿ ನೋಡಿತು, ಹಾರನ್ ಬಾರಿಸಿತು, ಕನ್ನಡಿಯಲ್ಲಿ ತಲೆ ಬಾಚಿಕೊಂಡಿತು. ವಾಹನದ ಅಡಿಯನ್ನು ನೋಡಲು ಸಮಿತಿಯ ಯಾವ ಸದಸ್ಯರಿಗೂ ಸೊಂಟ ಬಗ್ಗಲಿಲ್ಲ. ಆದ್ದರಿಂದ ತುಕ್ಕು ಕಂಡುಬಂದಿಲ್ಲವೆಂದು ಸರ್ವಾನುಮತದಿಂದ ದಾಖಲಿಸಲಾಯಿತು.

2. ಮೊಹರು: ಡೀಸೆಲ್ ಮಂಜೂರಾತಿಯು ಎರಡು ಚಕ್ರಗಳಿಂದ ಎಳೆಯುವ ಸಾಮಾನ್ಯ ವಾಹನಕ್ಕೆ ದೊರೆತಿರುತ್ತದೆ. ನಾಲ್ಕೂ ಎಳೆದರೆ ಡೀಸೆಲ್ ಹೆಚ್ಚು ಕುಡಿದು ಲೆಕ್ಕ ತಪಾಸಣೆಯವರು ತಲೆ ತಿನ್ನುತ್ತಾರೆಂಬ ಭಯದಿಂದ ಅಧೀಕ್ಷಕರು ತಾವೇ ಚಿಕ್ಕ ಗೇರಿಗೆ ದಾರ ಸುತ್ತಿ, ಅರಗು ಕರಗಿಸಿ ಹೊಯ್ದು, ಕಚೇರಿಯ ಮುದ್ರೆ ಒತ್ತಿದರು. ಬಂದವರಿಗೆಲ್ಲ ಅದನ್ನು ತೋರಿಸಿ, “ಎರಡು ಚಕ್ರ ಕೆಲಸಕ್ಕೆ, ಎರಡು ಮೀಸಲು” ಎಂದು ಹೇಳಿಕೊಳ್ಳುತ್ತಿದ್ದರು. ಅವರಿಗೆ ಆ ಮೊಹರೆಂದರೆ ಅಷ್ಟು ಹೆಮ್ಮೆ.

3. ಎಂಜಿನ್ ಆಯಿಲ್: ವಾಹನ ನಿಂತಲ್ಲೆಲ್ಲ ಆಯಿಲ್ ಸೋರುವ ಬಗ್ಗೆ ದೂರುಗಳು ಬಂದಿವೆ. ಸೋರುತ್ತಿದೆಯೆಂದರೆ ಒಳಗೆ ಆಯಿಲ್ ಇದೆಯೆಂದೇ ಅರ್ಥವಾಗಿರುವುದರಿಂದ ಯಾರೂ ಗಾಬರಿಯಾಗಬೇಕಿಲ್ಲ. ಸೋರುವುದು ನಿಂತರೆ ಮಾತ್ರ ವರದಿ ಮಾಡತಕ್ಕದ್ದು. ಚಾಲಕರು ಒಮ್ಮೆ ಅನುಮತಿಯಿಲ್ಲದೆ ಬಾನೆಟ್ ಎತ್ತಿ ಆಯಿಲ್ ಮಟ್ಟ ನೋಡಿದ್ದಕ್ಕೆ ಅವರಿಗೆ ಈಗಾಗಲೇ ಮೆಮೋ ನೀಡಲಾಗಿದೆ.

4. ಟೈರುಗಳು: “ನಾಲ್ಕೂ ಒಟ್ಟಿಗೆ ಬದಲಾಯ್ಸಿ ಸಾರ್. ಒಂದು ಹೊಸದು, ಮೂರು ಬೋಳು ಅಂತ ಇಟ್ಕೊಂಡು ಆ ಚಿಕ್ಕ ಗೇರು ಹಾಕಿದ್ರೆ ಒಳಗಿನ ಹಲ್ಲೆಲ್ಲ ಉದುರೋಗತ್ತೆ” ಎಂದು ಮೆಕ್ಯಾನಿಕ್ ಹೇಳಿರುತ್ತಾರೆ. ವರ್ಷಕ್ಕೆ ಒಂದೇ ಟೈರಿಗೆ ಅವಕಾಶವಿರುವುದರಿಂದ, ಹೊಸ ಟೈರು ಉಳಿದವುಗಳ ಮಟ್ಟಕ್ಕೆ ಸವೆಯುವವರೆಗೂ ವಾಹನದ ಆ ಮೂಲೆಯನ್ನು ಮಾತ್ರ ಹೆಚ್ಚಾಗಿ ಓಡಿಸುವಂತೆ ಚಾಲಕರಿಗೆ ಸೂಚಿಸಲಾಗಿತ್ತು. ಅವರು ಇನ್ನೂ ಪಾಲಿಸಿಲ್ಲ.

5. ಘಟನೆ: ಹೀಗಿರುವಲ್ಲಿ, ತುಂಬು ಬಸುರಿಯಾಗಿ ತಂದೆಯ ಕ್ವಾರ್ಟರ್ಸ್‌ನಲ್ಲಿ ತಂಗಿದ್ದ ಅಧೀಕ್ಷಕರ ಮಗಳಿಗೆ ಮಧ್ಯಾಹ್ನದ ಹೊತ್ತಿಗೆ, ಯಾವುದೇ ಮುನ್ಸೂಚನೆ ನೀಡದೆ, ನೋವು ಕಾಣಿಸಿಕೊಂಡಿತು. ಇಲ್ಲಿ ಇರುವುದು ಇದೊಂದೇ ವಾಹನ. ಖಾಸಗಿ ಕೆಲಸಕ್ಕೆ ಅದನ್ನು ಬಳಸುವಂತಿಲ್ಲ. ಅದೃಷ್ಟಕ್ಕೆ ಅಧೀಕ್ಷಕರಿಗೆ ಅದೇ ಕ್ಷಣ ರಸ್ತೆ ಪರಿಶೀಲನೆಗೆ ಹೋಗಬೇಕೆನಿಸಿತು. ರಸ್ತೆಯು ಆಸ್ಪತ್ರೆಯವರೆಗೂ ಇರುವುದರಿಂದ ಪರಿಶೀಲನೆಯನ್ನೂ ಅಲ್ಲಿಯವರೆಗೆ ವಿಸ್ತರಿಸಲಾಯಿತು. ಮಗಳು, ಶ್ರೀಮತಿಯವರು ಹಿಂದಿನ ಸೀಟಿನಲ್ಲಿ ಪರಿಶೀಲನೆಗೆ ನೆರವಾದರು.

6. ಕೆಸರು: ಇಲಾಖೆಯ ಕಾಲುವೆಯೇ ಒಡೆದು ನೀರು ಹರಿದ ತಿರುವಿನಲ್ಲಿ ಹಿಂದಿನ ಚಕ್ರಗಳೆರಡೂ ಹೂತುಹೋಗಿ, ಇದ್ದಲ್ಲಿಯೇ ಗಿರಗಿರ ತಿರುಗತೊಡಗಿದವು. ಚಾಲಕರು ಎಂಜಿನ್ನನ್ನು ನಿಧಾನಕ್ಕೆ ಬಿಟ್ಟು ಕೈಕಟ್ಟಿ ಕುಳಿತರು. “ಚಿಕ್ಕ ಗೇರು ಎಳೆದ್ರೆ ಎದ್ದು ಬರಬಹುದು ಸಾರ್. ಆದ್ರೆ ಮೊಹರು ನಿಮ್ದು. ಬಾನೆಟ್ ಎತ್ತಿದ್ದಕ್ಕೇ ಮೆಮೋ ಕೊಟ್ರಿ, ಇದಕ್ಕೆ ಕೆಲಸಾನೇ ಹೋಗತ್ತೆ. ಬರೆದು ಕೊಟ್ಬಿಡಿ, ಎಳೀತೀನಿ” ಎಂದರು. ನಿಯಮದ ಪ್ರಕಾರ ಚಾಲಕರ ನಡತೆಯಲ್ಲಿ ಲೋಪವಿರುವುದಿಲ್ಲ.

7. ಅನುಮತಿ: ಅಧೀಕ್ಷಕರು ಜೇಬಿನಿಂದ ಪೆನ್ನು ತೆಗೆದರು. ‘ಆಗಲಿ, ಎಳೆಯಿರಿ’ ಎಂದು ಬರೆದಿದ್ದರೆ ಸಾಕಿತ್ತು. ಆದರೆ ಇಷ್ಟು ವರ್ಷ ಬರೆದ ಕೈ ಬೇರೆ ರೀತಿ ಬರೆಯಲು ಒಪ್ಪಲಿಲ್ಲ. ‘ವಿಷಯ’ ಬರೆಯಿತು. ‘ಉಲ್ಲೇಖ’ ಬರೆಯಿತು. ಹಿಂದಿನಿಂದ ಮಗಳು “ಅಪ್ಪಾ, ಆಗ್ತಾ ಇಲ್ಲಪ್ಪಾ” ಎಂದು ಚೀರಿದಳು. ಅಂಥ ಹೊತ್ತಿನಲ್ಲಿ ಅಧೀಕ್ಷಕರು ಚಾಲಕರ ಕಡೆ ತಿರುಗಿ, “ಇವತ್ತು ದಿನಾಂಕ ಎಷ್ಟು?” ಎಂದು ಕೇಳಿದರು.

8. ಮೊಹರು ಒಡೆದದ್ದು: ಈ ಪ್ರಶ್ನೆಗೆ ಉತ್ತರ ಶ್ರೀಮತಿಯವರಿಂದ ಬಂದಿತು. “ರೀ! ಅವಳ ಜೀವ ಹೋಗ್ತಾ ಇದೆ, ನಿಮಗೆ ದಿನಾಂಕ ಬೇಕಾ? ನಿಮ್ಮ ಮೊಹರಿಗಿಷ್ಟು ಬೆಂಕಿ ಹಾಕ!” ಎಂದವರೇ ಎರಡು ಸೀಟುಗಳ ನಡುವೆ ಬಗ್ಗಿ, ಕೈಯಲ್ಲಿದ್ದ ಫ್ಲಾಸ್ಕಿನಿಂದ ಕುಟ್ಟಿ ಅರಗನ್ನು ಪುಡಿ ಪುಡಿ ಮಾಡಿ, ದಾರವನ್ನು ಹಲ್ಲಿನಿಂದ ಕಚ್ಚಿ ಕಿತ್ತರು. “ಎಳಿಯಪ್ಪಾ ನೀನು! ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳು” ಎಂದರು. ವರ್ಷಗಟ್ಟಲೆ ಅಲುಗದೆ ಕೂತಿದ್ದ ಗೇರು ಜಪ್ಪಯ್ಯ ಅನ್ನಲಿಲ್ಲ. ಚಾಲಕರು ಎರಡೂ ಕೈ ಹಾಕಿ, ಬಾಯಿಗೆ ಬಂದಂತೆ ಬೈದು, ಕೊನೆಗೆ ಕಾಲಿನಿಂದ ಒದ್ದ ಮೇಲೆ ಅದು ಕಟಕ್ಕನೆ ಕೂತಿತು. ಮೀಸಲಿನಲ್ಲಿದ್ದ ಎರಡು ಚಕ್ರಗಳು ಮಣ್ಣು ಕಚ್ಚಿ ಹಿಡಿದು ವಾಹನವನ್ನು ಮೇಲಕ್ಕೆಳೆದವು. ಒಂದು ಬೇರೆ, ಮೂರು ಬೇರೆ ಟೈರುಗಳಿದ್ದರೂ ಒಂದು ಹಲ್ಲೂ ಉದುರಲಿಲ್ಲ.

9. ಆಸ್ಪತ್ರೆ: ಮಗು ಹುಟ್ಟಿತು. ತಾಯಿ, ಮಗು ಕ್ಷೇಮ. ಡಾಕ್ಟರಮ್ಮನವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, “ಇನ್ನು ಸ್ವಲ್ಪ ತಡ ಮಾಡಿದ್ರೆ ನನ್ನ ಕೈಲೂ ಏನೂ ಆಗ್ತಿರಲಿಲ್ಲ ಯಜಮಾನ್ರೇ” ಎಂದರು. ಈ ಮಾತು ಕಡತಕ್ಕೆ ಸಂಬಂಧಿಸಿದ್ದಲ್ಲ, ಆದರೂ ಸೇರಿಸಲಾಗಿದೆ. ಅಧೀಕ್ಷಕರು ಬೆಂಚಿನ ಮೇಲೆ ಕುಸಿದು ಕುಳಿತರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ಚಾಲಕರು ನೋಡಿದ್ದಾರೆ. ಧೂಳು ಬಿದ್ದಿದೆಯೆಂಬ ಅವರ ವಿವರಣೆಯನ್ನು, ದಾರಿಯುದ್ದಕ್ಕೂ ಕೆಸರಿದ್ದ ಕಾರಣ, ಅಂಗೀಕರಿಸಲಾಗಿಲ್ಲ.

10. ಆಕ್ಷೇಪಣೆ: ಹೋಗುವಾಗ ವಾಹನದಲ್ಲಿ ನಾಲ್ವರಿದ್ದು, ಮರಳಿ ಬರುವಾಗ ಐವರಿದ್ದದ್ದು ಲಾಗ್ ಪುಸ್ತಕದಲ್ಲಿ ಕಂಡುಬಂದಿದೆ. ಐದನೆಯವರು ಎಲ್ಲಿ ಹತ್ತಿದರು, ಯಾರ ಅನುಮತಿಯಿಂದ ಹತ್ತಿದರು ಎಂದು ಮೇಲಿನ ಕಚೇರಿ ಕೇಳಿದೆ. ಸದರಿಯವರನ್ನು ವಿಚಾರಿಸಲಾಗಿ ಅತ್ತಿರುತ್ತಾರೆ.

11. ಮುಂದಿನ ಕ್ರಮ: ಮೇಲಿನ ಕಚೇರಿಯ ಸೂಚನೆಯಂತೆ, ಇನ್ನು ಮುಂದೆ ವಾಹನವು ಪೂರ್ವಾನುಮತಿಯಿಲ್ಲದೆ ಕೆಸರಿನಲ್ಲಿ ಹೂತುಹೋಗತಕ್ಕದ್ದಲ್ಲ. ಹೂತುಹೋಗುವುದು ಅನಿವಾರ್ಯವಾದಲ್ಲಿ ಕಚೇರಿ ವೇಳೆಯಲ್ಲಿ ಮಾತ್ರ ಹೂತುಹೋಗತಕ್ಕದ್ದು. ಹೆರಿಗೆ ನೋವು ಬರುವವರು ವಾರ ಮುಂಚಿತವಾಗಿ ಮೂರು ಪ್ರತಿಗಳಲ್ಲಿ ತಿಳಿಸತಕ್ಕದ್ದು. ಚಿಕ್ಕ ಗೇರಿಗೆ ಇನ್ನೂ ದಪ್ಪನೆಯ ಮೊಹರು ಹಾಕಿ, ಒಡೆದವರಿಂದ ವಿವರಣೆ ಪಡೆಯತಕ್ಕದ್ದು ಎಂದು ಅಧೀಕ್ಷಕರಿಗೆ ಆದೇಶಿಸಲಾಗಿದೆ.

12. ಅಧೀಕ್ಷಕರ ಸ್ಥಿತಿ: ಕರಗಿಸಿದ ಅರಗು ಮೇಜಿನ ಮೇಲೆ ಮತ್ತೆ ಮತ್ತೆ ಗಟ್ಟಿಯಾಗುತ್ತಿದೆ. ಅವರು ವಾಹನದವರೆಗೆ ಹೋಗಿ ಸುಮ್ಮನೆ ಬರುತ್ತಾರೆ. ಮನೆಯಲ್ಲಿ ಮೊಮ್ಮಗಳನ್ನು ಇನ್ನೂ ಒಮ್ಮೆಯೂ ಎತ್ತಿಕೊಂಡಿಲ್ಲ. ಬಾಗಿಲವರೆಗೆ ಹೋಗಿ, ಮಗಳ ಮುಖ ನೋಡಲಾರದೆ, ಚಪ್ಪಲಿ ಹುಡುಕುವ ನೆಪದಲ್ಲಿ ಹಿಂತಿರುಗುತ್ತಾರೆ. ಅವರಿಗೆ ನಾಚಿಕೆಯಾಗಿದೆ, ಇನ್ನೂ ಭಯವಿದೆ. ಇದನ್ನು ಬರೆಯಬೇಡಿರೆಂದು ಅವರು ಹೇಳಿದ್ದರೂ, ಸುತ್ತೋಲೆ ಪೂರ್ಣವಾಗಿರಬೇಕೆಂದು ಅವರೇ ಕಲಿಸಿರುವುದರಿಂದ ಬರೆಯಲಾಗಿದೆ.

13. ನೋಟಿಸು: ಇಂದು ಅಧೀಕ್ಷಕರು ಶ್ರೀಮತಿಯವರಿಗೆ ನೋಟಿಸನ್ನು ಖುದ್ದಾಗಿ ಜಾರಿ ಮಾಡಿದರು. ಉತ್ತರ ಸ್ಥಳದಲ್ಲೇ ದೊರೆಯಿತು. ಯಥಾವತ್ತಾಗಿ: “ಹೌದು, ನಾನೇ ಒಡೆದೆ. ಮತ್ತೆ ಹಾಕಿ, ಮತ್ತೆ ಒಡೀತೀನಿ. ಅವಳೇನು ನಿಮ್ಮ ಮೇಲೆ ಕೋಪ ಮಾಡ್ಕೊಂಡಿಲ್ಲ ಕಣ್ರೀ. ‘ಅಪ್ಪ ಯಾಕಮ್ಮ ಒಳಗೆ ಬರೋದೇ ಇಲ್ಲ’ ಅಂತ ದಿನಾ ಕೇಳ್ತಾಳೆ. ಆ ಕಾಗದ ಅತ್ಲಾಗಿಟ್ಟು, ಕೈ ತೊಳ್ಕೊಂಡು ಬನ್ನಿ.” ಸದರಿ ವಿವರಣೆಯು ತೃಪ್ತಿಕರವಾಗಿದೆಯೆಂದು ಅಧೀಕ್ಷಕರು ಅಂಗೀಕರಿಸಿರುತ್ತಾರೆ.

14. ಆದೇಶ: ಉಲ್ಲೇಖ (1)ರ ಸುತ್ತೋಲೆಯನ್ನು ಈ ಮೂಲಕ ರದ್ದುಪಡಿಸಲಾಗಿದೆ. ಚಿಕ್ಕ ಗೇರಿಗೆ ಮೊಹರು ಇರುವುದಿಲ್ಲ. ಹೆಚ್ಚಿನ ಡೀಸೆಲ್ಲಿಗೆ ಅಧೀಕ್ಷಕರೇ ಜವಾಬ್ದಾರರು. ಚಾಲಕರ ಹಳೆಯ ಮೆಮೋ ವಾಪಸು ಪಡೆಯಲಾಗಿದೆ. ಬಾನೆಟ್ ಬೇಕಾದಾಗ ಎತ್ತಬಹುದು.

ಅಧೀಕ್ಷಕರ ಪರವಾಗಿ
(ಸಹಿ)
ಗುಮಾಸ್ತ

ಷರಾ: ಅಧೀಕ್ಷಕರ ಸಹಿಗಾಗಿ ಕ್ವಾರ್ಟರ್ಸ್‌ಗೆ ಹೋಗಲಾಗಿತ್ತು. ಅವರ ಎರಡೂ ಕೈಗಳು ತುಂಬಿದ್ದು, ಅಲುಗಾಡಿದರೆ ಎಚ್ಚರವಾಗುತ್ತದೆಂದು ಕಣ್ಸನ್ನೆಯಲ್ಲೇ ತಿಳಿಸಿದ್ದರಿಂದ, ಗುಮಾಸ್ತರೇ ಸಹಿ ಮಾಡಿರುತ್ತಾರೆ.

ಪ್ರತಿಗಳು:
1. ಮೇಲಿನ ಕಚೇರಿಗೆ, ದಯಾಪರ ಮಾಹಿತಿಗಾಗಿ. ದಯೆ ಇಲ್ಲದಿದ್ದಲ್ಲಿ ಬರೀ ಮಾಹಿತಿಗಾಗಿ.
2. ಚಾಲಕರಿಗೆ, ವಾಹನದಲ್ಲಿ ಸದಾ ಇಟ್ಟುಕೊಳ್ಳಲು.
3. ಮೆಕ್ಯಾನಿಕ್‌ರವರಿಗೆ, ನಾಲ್ಕು ಟೈರುಗಳ ಕೋರಿಕೆಯೊಂದಿಗೆ.
4. ಶ್ರೀಮತಿಯವರಿಗೆ, ಓದಿ ಬೈಯಲು.
5. ಐದನೆಯ ಪ್ರಯಾಣಿಕರಿಗೆ: ತಾತನ ತೋಳಿನಲ್ಲಿ ನಿದ್ರಿಸುತ್ತಿರುವುದರಿಂದ ಜಾರಿಯಾಗಿರುವುದಿಲ್ಲ.