ನಾನು ಹಚ್ಚಿದ ಹುಲ್ಲು

ಬಾಗಲಕೋಟೆಯ ದವಾಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ನರ್ಸಾಗಿ ದುಡಿದವಳು ನಾನು. ಹಾಸಿಗೆಯ ಚಾದರದ ನಾಲ್ಕೂ ಮೂಲೆ ಒಂದೇ ರೀತಿ ಮಡಚಿರಬೇಕು. ಸೂಜಿಗೆ ಹೆದರುವ ಪೈಲ್ವಾನನೂ ನನ್ನೆದುರು ತೆಪ್ಪಗೆ ತೋಳು ಚಾಚಬೇಕು. ಅಂಥವಳಿಗೆ ಒಂದು ಹುಲ್ಲನ್ನು ಹದ್ದುಬಸ್ತಿನಲ್ಲಿ ಇಡುವುದು ಯಾವ ದೊಡ್ಡ ಕೆಲಸ? ಹೀಗೆಂದು ನಾನು ನಂಬಿದ್ದೆ. ಹುಲ್ಲಿಗೆ ಈ ವಿಷಯವನ್ನು ಯಾರೂ ತಿಳಿಸಿರಲಿಲ್ಲ!

ನಿವೃತ್ತಿಯಾದ ಮೇಲೆ ನಾವು ಬಾದಾಮಿಯ ಹೊರವಲಯದಲ್ಲಿ ಮನೆ ಕಟ್ಟಿಸಿಕೊಂಡೆವು. ನಾವು ಅಂದರೆ ನಾನು ಮತ್ತು ನಮ್ಮ ಯಜಮಾನರು. ಅವರು ಚಿತ್ರಕಲೆಯ ಮಾಸ್ತರರಾಗಿದ್ದವರು. ಯಾವ ಕೆಲಸಕ್ಕೂ ಅವಸರ ಮಾಡಿದವರಲ್ಲ. ಹಿತ್ತಲಿನ ಕಂಪೌಂಡು ದಾಟಿದರೆ ಕೆಂಪು ಕಲ್ಲಿನ ಗುಡ್ಡ. ನೋಡಿದಲ್ಲೆಲ್ಲ ಕಲ್ಲು. ಕಣ್ಣಿಗೆ ತಂಪಾಗುವ ಏನಾದರೂ ಬೇಕು ಅನಿಸಿತು.

ಒಮ್ಮೆ ಪಟ್ಟದಕಲ್ಲಿನ ಕಡೆ ಹೋದಾಗ ಒಂದು ಹೋಟೆಲಿನ ಮುಂದೆ ಹೊಸ ಬಗೆಯ ಹುಲ್ಲು ಕಂಡೆ. ರೇಷ್ಮೆಯಂಥ ತೆನೆ ನರಿಯ ಬಾಲದ ಹಾಗೆ ಬಾಗಿ ಗಾಳಿಗೆ ತೂಗುತ್ತಿತ್ತು. ಮಾಲಿಯನ್ನು ಕೇಳಿ ಐದು ತೆನೆ ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ. ಬೀಜ ಮೊಳೆಸಿ, ಕಂಪೌಂಡಿನ ಗುಂಟ ಮೂರು ಸಾಲು ಹಚ್ಚಿದೆ. ನಮ್ಮ ಕಡೆ ಸಸಿಯನ್ನು ಯಾರೂ ನೆಡುವುದಿಲ್ಲ, ಹಚ್ಚುತ್ತೇವೆ. ಟೇಪು ಹಿಡಿದು ಅಡಿಗೊಂದರಂತೆ ಹಚ್ಚಿದೆ. ಯಜಮಾನರು ದಿನಾ ಎರಡು ಹೊತ್ತು ನೀರು ಹಾಕಿದರು.

ಹುಲ್ಲು ಸೊಂಪಾಗಿ ಬೆಳೆಯಿತು. ಓಣಿಯ ಹೆಣ್ಣುಮಕ್ಕಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹೀಗಾಗಿ ‘ಸಿಸ್ಟರ್ ಹುಲ್ಲು’ ಅಂತಲೇ ಕರೆದರು. ಸೇವೆಯಲ್ಲಿ ಇದ್ದಾಗ ಸಿಗದ ಬಿರುದು ಈಗ ಸಿಕ್ಕಿತೆಂದು ನಾನು ಹಿಗ್ಗಿದೆ.

ಮೂರು ವರ್ಷದಲ್ಲಿ ಸಿಸ್ಟರ್ ಹುಲ್ಲು ಕಂಪೌಂಡು ಹಾರಿ ಗುಡ್ಡ ಹತ್ತಿತ್ತು.

ನಮ್ಮ ಪಕ್ಕದ ಮನೆ ರಜಾಕಸಾಬರದು. ಎರಡು ಎಮ್ಮೆ ಕಟ್ಟಿಕೊಂಡು ಓಣಿಗೆಲ್ಲ ಹಾಲು ಹಾಕುವವರು. ಅವರ ಮನೆಯ ಹಿಂದೆ ಗುಡ್ಡದ ಬುಡದಲ್ಲಿ ಜೋಳದ ಕಣಿಕೆಯ ಬಣವೆ ಇತ್ತು. ಆ ಎರಡು ಎಮ್ಮೆಗಳ ವರ್ಷದ ಊಟವೆಲ್ಲ ಆ ಒಂದು ಬಣವೆಯಲ್ಲಿ. ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿದ ಒಂದು ಮುಂಜಾನೆ ಅವರು ಹಾಲು ಹಾಕಿದ ಮೇಲೂ ಹೋಗದೆ ನಿಂತರು.

“ಸಿಸ್ಟರ್, ಒಂದು ಮಾತು ಹೇಳ್ತೇನಿ. ಸಿಟ್ಟಾಗಬ್ಯಾಡ್ರಿ.”

“ಹೇಳ್ರಿ ರಜಾಕಸಾಬ್ರ.”

“ನಿಮ್ಮ ಹುಲ್ಲು ನಮ್ಮ ಎಮ್ಮಿ ಮೂಸಿ ನೋಡಿ ಮಾರಿ ತಿರುಗಸ್ತಾವ್ರಿ. ಯಾರೂ ತಿನ್ನಂಗಿಲ್ಲ, ಗುಡ್ಡದಾಗ ಹಂಗಽ ಒಣಗಿ ನಿಂತೈತಿ. ಮೊದಲ ಅಲ್ಲೊಂದು ಇಲ್ಲೊಂದು ಕರಡದ ಹುಲ್ಲು ಇರ್ತಿತ್ತು, ನಡುವ ಬರೇ ಕಲ್ಲು. ಬೆಂಕಿ ಬಿದ್ರೂ ಕಲ್ಲಿನ ತನಕ ಬಂದು ತಾನಽ ಆರತಿತ್ತು. ಈಗ ನೋಡ್ರಿ, ನಿಮ್ಮ ಹುಲ್ಲು ಕೈ ಕೈ ಹಿಡಕೊಂಡು ನಿಂತೈತಿ. ಮ್ಯಾಲೆ ಯಾರರೆ ಬೀಡಿ ಒಗದ್ರ ಬೆಂಕಿ ಸೀದಾ ನನ್ನ ಬಣವಿಗೆ ಬರತೈತಿ.”

‘ನಿಮ್ಮಿಂದ ಹೀಗಾಯಿತು’ ಎಂದು ಅವರು ಅನ್ನಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಮೊದಲು ಅದನ್ನೇ ಅನ್ನುತ್ತಿದ್ದೆ.

ಮರುದಿನ ಸರಿಯಾಗಿ ಆರಕ್ಕೆ ಕುಡುಗೋಲು ಹಿಡಿದು ಗುಡ್ಡ ಹತ್ತಿದೆ. ತೆನೆ ಸಮೇತ ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಕಡಿದಾದ ಕಡೆ ತಪ್ಪಿಸಿ ಗುಡ್ಡದ ಸುತ್ತುದಾರಿಯಲ್ಲಿ ಇಳಿದೆ. ಹೀಗೆ ಹನ್ನೊಂದು ಸಲ! ಹಿತ್ತಲಲ್ಲಿ ಹೊರೆಗಳನ್ನು ಒಟ್ಟಿ, ಹಣೆ ಒರೆಸಿಕೊಂಡು, ಹೊಗಳಿಕೆಗಾಗಿ ಯಜಮಾನರ ಮುಂದೆ ನಿಂತೆ. ಅವರು ಕನ್ನಡಕ ಏರಿಸಿ ನೋಡಿದರು. ನನ್ನ ಇಳಕಲ್ ಸೀರೆಯ ಅಂಚು ಕಾಣುತ್ತಲೇ ಇರಲಿಲ್ಲ. ಅದರ ತುಂಬ ಬೀಜ ಅಂಟಿತ್ತು.

“ಅಲ್ಲಾ, ನೀ ಹುಲ್ಲು ಕೊಯ್ಯಾಕ ಹೋಗಿದ್ದಿಯೋ, ಬಿತ್ತಾಕ ಹೋಗಿದ್ದಿಯೋ?”

ಕೊಯ್ದರೆ ಪ್ರಯೋಜನವಿಲ್ಲ, ಬೇರು ಸಮೇತ ಕೀಳಬೇಕು ಎಂದು ತೀರ್ಮಾನಿಸಿದೆ. ಅದರ ಮರುದಿನ ಸಲಿಕೆ ಹಿಡಿದು ಹೋಗಿ, ಬಿಸಿಲು ಏರುವವರೆಗೂ ಅಗೆದು, ಕಿತ್ತದ್ದನ್ನು ಸಾಲಾಗಿ ಜೋಡಿಸಿದೆ. ಅಷ್ಟರಲ್ಲಿ ರಜಾಕಸಾಬರು ಬಂದರು. ಒಂದು ಬುಡ ಎತ್ತಿ ನೋಡಿದರು. ಇನ್ನೊಂದು ನೋಡಿದರು.

“ಸಿಸ್ಟರ್, ಇದು ನಿಮ್ಮ ಹುಲ್ಲಲ್ರಿ. ನಮ್ಮ ಕರಡ. ಎಮ್ಮಿ ತಿನ್ನೂದು.”

ತೆನೆ ಇಲ್ಲದೆ ಎರಡೂ ನನಗೆ ಒಂದೇ ಥರ ಕಂಡಿದ್ದವು. ಸೇವೆಯಲ್ಲಿ ಇದ್ದಷ್ಟು ದಿನ ಒಂದು ಗುಳಿಗೆಯನ್ನೂ ಅದಲುಬದಲು ಮಾಡಿದವಳಲ್ಲ. ಈಗ ನೋಡಿದರೆ ತಪ್ಪು ರೋಗಿಗೆ ಆಪರೇಷನ್ನೇ ಮುಗಿಸಿದ್ದೆ!

“ಇದು ನಿನ್ನ ಕೈಲೆ ಆಗೂದಲ್ಲ. ಅರಣ್ಯದವರಿಗೆ ಫೋನ್ ಹಚ್ಚು,” ಅಂದರು ಯಜಮಾನರು.

ಹಚ್ಚಿದೆ. ಎತ್ತಿದವರು ಹೊಸದಾಗಿ ಬಂದ ಗಾರ್ಡ್. ಮಂಡ್ಯದ ಕಡೆಯವರು. ಊರಿಗೆ ಬಂದು ವಾರವೂ ಆಗಿರಲಿಲ್ಲ. ದವಾಖಾನೆಯಲ್ಲಿ ಡಾಕ್ಟರಿಗೆ ವರದಿ ಒಪ್ಪಿಸುವ ಹಾಗೆ ನಾನು ಚುಟುಕಾಗಿ ಹೇಳಿದೆ. “ನಮ್ಮ ಹಿಂದಿನ ಗುಡ್ಡಕ್ಕ ಹುಲ್ಲು ಹಚ್ಚೀನ್ರಿ. ಈಗ ಕೈ ಮೀರೈತಿ. ಎಲ್ಲಾ ಕಡೆ ಹಬ್ಬಾಕ ಹತ್ತೈತಿ. ಲಗೂನ ಬರ್ರಿ.”

ಆ ಕಡೆಯಿಂದ ವಿಳಾಸ ಮಾತ್ರ ಕೇಳಿದರು. ಇಪ್ಪತ್ತು ನಿಮಿಷದಲ್ಲಿ ಬಾಗಿಲಿಗೆ ಜೀಪು ಬಂತು! ಗಾರ್ಡ್ ಇಳಿದರು. ಹಿಂದೆ ಹಸಿ ಟೊಂಗೆ, ಗುದ್ದಲಿ, ನೀರಿನ ಕ್ಯಾನು ಹಿಡಿದ ನಾಲ್ವರು ಇಳಿದರು. ಇಷ್ಟು ಚುರುಕಾದ ಸೇವೆಯನ್ನು ಕಂಡು ನನ್ನ ಎದೆ ತುಂಬಿ ಬಂತು.

“ಎಲ್ಲಮ್ಮಾ? ಹಚ್ಚಿದ್ದು ಯಾರು?”

“ನಾನಽ ರೀ.”

“ಬೇಕು ಅಂತಾನೇ ಹಚ್ಚಿದ್ರಾ?”

“ಮತ್ತ? ಚಂದ ಕಾಣತೈತಿ ಅಂತ ಹಚ್ಚಿದೆ.”

ಅವರು ಪುಸ್ತಕ ತೆಗೆದು ಬರೆಯತೊಡಗಿದರು. “ಎಷ್ಟು ಕಡೆ?”

“ಮೂರು ಸಾಲು. ಅಡಿಗೊಂದು. ಟೇಪು ಹಿಡದು.”

ಪೆನ್ನು ನಿಂತಿತು. “ಜೊತೇಲಿ ಯಾರಿದ್ರು?”

“ನಮ್ಮ ಮನಿಯವರು. ನಾ ಹಚ್ಚಿದೆ, ಅವರು ನೀರು ಹಾಕಿದ್ರು.”

“ಹಚ್ಚಿಬಿಟ್ಟು ನೀರು ಹಾಕಿದ್ರಾ?”

“ಹಚ್ಚಿದ ಮ್ಯಾಲೆ ನೀರು ಹಾಕಲಿಲ್ಲಂದ್ರ ಹೆಂಗ್ರಿ? ದಿನಾ ಎರಡು ಹೊತ್ತು ಹಾಕ್ಯಾರ!”

ಗಾರ್ಡ್ ನಮ್ಮ ಯಜಮಾನರನ್ನು ಅಪಾರ ಕರುಣೆಯಿಂದ ನೋಡಿದರು. ಯಜಮಾನರು ನಿಟ್ಟುಸಿರು ಬಿಟ್ಟು, “ಮದಿವ್ಯಾದಾಗಿಂದ ನನಗ ಅದಽ ಕೆಲಸ ನೋಡ್ರಿ,” ಅಂದರು.

ಗಾರ್ಡ್ ಬರೆದದ್ದನ್ನು ಗಟ್ಟಿಯಾಗಿ ಓದಿದರು. ‘ಸದರಿ ಮಹಿಳೆಯು ಅಂದವನ್ನು ನೋಡುವ ಉದ್ದೇಶದಿಂದ, ಪತಿಯ ಸಮಕ್ಷಮದಲ್ಲಿ, ಅಳತೆಪೂರ್ವಕವಾಗಿ ಗುಡ್ಡಕ್ಕೆ ಹಚ್ಚಿರುವುದಾಗಿ ಒಪ್ಪಿಕೊಂಡಿರುತ್ತಾರೆ.’ ‘ಸಮಕ್ಷಮ’ದಲ್ಲಿ ಒಂದು ಒತ್ತು ತಪ್ಪಿತ್ತು. ತಿದ್ದಿಕೊಟ್ಟು, ಕೆಳಗೆ ದಿನಾಂಕ, ವೇಳೆ ನಮೂದಿಸಿ ಸಹಿ ಮಾಡಿದೆ.

ಗದ್ದಲ ಕೇಳಿ ಬಂದ ರಜಾಕಸಾಬರು ನಮ್ಮೆಲ್ಲರ ಮುಖ ನೋಡಿದರು. ಬಗ್ಗಿ ಪುಸ್ತಕ ಓದಿದರು.

“ಸಾಹೇಬ್ರ, ಇಲ್ಲೆ ಹಚ್ಚೂದಂದ್ರ ನೆಡೂದ್ರಿ!”

ಗಾರ್ಡ್ ಗುಡ್ಡದ ಕಡೆ ತಿರುಗಿದರು. ಒಂದು ಎಳೆ ಹೊಗೆಯೂ ಇರಲಿಲ್ಲ. “ಹಂಗಾದ್ರೆ ಬೆಂಕಿ ಹಚ್ಚೋದಕ್ಕೆ ಏನಂತೀರಾ?”

“ಅದಕ್ಕೂ ಹಚ್ಚೂದಽ ಅಂತೇವ್ರಿ.”

ಗಾರ್ಡ್ ನಮ್ಮ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಸಹಿ ಮಾಡಿದ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡು ನಕ್ಕರು. ಬೇರೆಯವರಾಗಿದ್ದರೆ ಬೈದು ಹೋಗುತ್ತಿದ್ದರು. ಈ ಪುಣ್ಯಾತ್ಮ ಹುಲ್ಲಿನ ವಿಷಯ ತಿಳಿಸಿ ಹೇಳಲು ಶುರು ಮಾಡಿದರು. ಮಳೆ ಬಿದ್ದು ಮಣ್ಣು ಮೆತ್ತಗಾದಾಗ, ತೆನೆ ಬಲಿಯುವ ಮೊದಲೇ ಬೇರು ಸಮೇತ ಕೀಳಬೇಕು. ಕಿತ್ತದ್ದನ್ನು ಚೀಲಕ್ಕೆ ಹಾಕಿ ಕಟ್ಟಬೇಕು. ಒಂದೇ ವರ್ಷಕ್ಕೆ ಮುಗಿಯುವುದಿಲ್ಲ, ವರ್ಷ ವರ್ಷ ಕೀಳಬೇಕು. ಈಗ ಬೇಸಿಗೆಗೆ ಮಾತ್ರ ಬಣವೆಗೂ ಗುಡ್ಡಕ್ಕೂ ನಡುವೆ ಒಂದು ಪಟ್ಟಿ ನೆಲವನ್ನು ಪೂರಾ ಬರಿದು ಮಾಡಬೇಕು.

ಇಷ್ಟು ಕೇಳಿ ನಾನು ಚಹಾ ಮಾಡಲು ಒಳಗೆ ಹೋದೆ. ಅವರ ಮುಂದಿನ ಮಾತು, “ಯಾವ ಕಾರಣಕ್ಕೂ ಸುಡಬೇಡಿ. ಇದು ಸುಟ್ಟ ಜಾಗದಲ್ಲೇ ಮೊದಲು ಚಿಗುರುತ್ತೆ,” ಎಂಬುದು, ನಾನು ಸಕ್ಕರೆ ಡಬ್ಬಿ ಹುಡುಕುವಾಗ ಹೊರಗೆ ನಡೆಯಿತಂತೆ!

ಚಹಾ ಕೊಟ್ಟು ಹಿತ್ತಲಿಗೆ ಬಂದೆ. ನನ್ನ ಹನ್ನೊಂದು ಹೊರೆ ಅಲ್ಲೇ ಬಿದ್ದಿದ್ದವು. ಸೋಂಕು ತಗಲಿದ ಬಟ್ಟೆ, ಹತ್ತಿಯನ್ನು ಸುಟ್ಟೇ ನಾಶ ಮಾಡಬೇಕು ಎಂದು ಕಲಿತ ಕೈ ಇದು. ಗಾರ್ಡ್ ಸಾಹೇಬರು ಚಹಾ ಕುಡಿದು ಏಳುವಷ್ಟರಲ್ಲಿ ಹಿತ್ತಲು ಸ್ವಚ್ಛವಾಗಿರಲಿ ಎಂದು ಕಡ್ಡಿ ಗೀರಿದೆ.

ಈ ಸಲ ಖರೆ ಹಚ್ಚಿದೆ.

ಹೊರೆ ಭಗ್ಗೆಂದಿತು. ಉರಿಯುವ ತೆನೆಗಳು ಗುಬ್ಬಿಗಳ ಹಾಗೆ ಕಂಪೌಂಡಿನ ಮೇಲಿಂದ ಹಾರಿದವು. ಮರುಗಳಿಗೆಗೆ ಗುಡ್ಡದ ಬುಡದಲ್ಲಿ ಕೆಂಪು ಗೆರೆ ಕಂಡಿತು. ಗಾಳಿ ಬಣವೆಯ ಕಡೆಗೇ ಬೀಸುತ್ತಿತ್ತು. ನಾನು ಚೀರಿದೆ.

ಗಾರ್ಡ್ ಚಹಾದ ಕಪ್ಪು ಎಸೆದು ಓಡಿದರು. ಇಬ್ಬರು ಟೊಂಗೆಯಿಂದ ಬಡಿದರು. ಇನ್ನಿಬ್ಬರು ಬಣವೆಯ ಮುಂದಿನ ಹುಲ್ಲನ್ನು ಗುದ್ದಲಿಯಿಂದ ಕೆತ್ತಿ ಎಸೆದರು. ರಜಾಕಸಾಬರು ಎಮ್ಮೆ ಬಿಚ್ಚಿ ಬೀದಿಗೆ ಅಟ್ಟಿ, ತಾವೂ ಸಲಿಕೆ ಹಿಡಿದು ಬಂದರು. ಓಣಿಯವರು ಕೊಡ ತಂದರು. ಜೀವನದಲ್ಲಿ ಅವಸರ ಮಾಡದ ನಮ್ಮ ಯಜಮಾನರು ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದು ಓಡಿದರು! ಬೆಂಕಿ ಬಂತು, ಬಂತು, ಕೆತ್ತಿದ ನೆಲದವರೆಗೂ ಬಂತು. ಅಲ್ಲಿ ಅದಕ್ಕೆ ಹಿಡಿಯಲು ಏನೂ ಸಿಗಲಿಲ್ಲ. ಅಲ್ಲೇ ಕುಸಿಯಿತು. ಬಣವೆಗೆ ನಾಲ್ಕು ಮಾರು ಉಳಿದಿತ್ತು.

ರಜಾಕಸಾಬರ ಮುಂದೆ ಹೋಗಿ ನಿಂತೆ. ಅವರ ಮುಖ ಮಸಿಯಾಗಿತ್ತು. ಬಣವೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ಸಿಸ್ಟರ್, ಒಂದು ಉಪಕಾರ ಮಾಡ್ರಿ.”

“ಏನು ಬೇಕಾದ್ರೂ ಹೇಳ್ರಿ.”

“ಆ ಕಡ್ಡಿಪೆಟ್ಟಿಗಿ ಇತ್ತ ಕೊಡ್ರಿ.”

ಕೊಟ್ಟೆ. ಅವರು ಜೇಬಿಗೆ ಹಾಕಿಕೊಂಡರು. ಓಣಿಗೆ ಓಣಿಯೇ ನಕ್ಕಿತು. ನಾನು ಮಾತ್ರ ಅತ್ತೆ. ಗಾರ್ಡ್ ಹೊಸ ಹಾಳೆ ತೆಗೆದರು. “ಈ ಸಲ ನೀವೇ ಬರೀರಮ್ಮಾ. ನೆಟ್ಟಿದ್ದು ಯಾವುದು, ಸುಟ್ಟಿದ್ದು ಯಾವುದು, ಬೇರೆ ಬೇರೆ ಬರೀರಿ.” ಒಂದಕ್ಷರ ಮುಚ್ಚಿಡದೆ ಬರೆದುಕೊಟ್ಟೆ. ಅವರು ಎಚ್ಚರಿಕೆ ಕೊಟ್ಟು, ಮಳೆಗಾಲದಲ್ಲಿ ಬಂದು ಕೀಳುವ ಕೆಲಸ ನೋಡುತ್ತೇನೆಂದು ಹೇಳಿ ಹೋದರು.

ಈಗಲೂ ಬಣವೆ ಕಂಡಾಗಲೆಲ್ಲ ಒಂದು ಮಾತು ನೆನೆದು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಆ ಗಾರ್ಡಿಗೆ ನಮ್ಮ ಕನ್ನಡ ಬಂದಿದ್ದರೆ ಅಂದು ಜೀಪು, ನಾಲ್ಕು ಆಳು, ಟೊಂಗೆ, ಗುದ್ದಲಿ ನಮ್ಮ ಬಾಗಿಲಿಗೆ ಬರುತ್ತಲೇ ಇರಲಿಲ್ಲ. ನನ್ನ ಮೂವತ್ತನಾಲ್ಕು ವರ್ಷದ ಶಿಸ್ತು ಉಳಿಸದ ಬಣವೆಯನ್ನು ಅವರ ಒಂದು ತಪ್ಪು ತಿಳಿವಳಿಕೆ ಉಳಿಸಿತು.

ಮಳೆ ಬಿತ್ತು. ಸುಟ್ಟ ಇಳಿಜಾರಿನಲ್ಲಿ ಎಲ್ಲಕ್ಕಿಂತ ಮೊದಲು ಹಸಿರಾದದ್ದು ನನ್ನ ಹುಲ್ಲೇ. ಹೇಳಿದ ದಿನ ಓಣಿಯವರೆಲ್ಲ ಸೇರಿದರು, ಗಾರ್ಡ್ ಕೂಡ ಬಂದರು. ಯಾರು ಎಲ್ಲಿ, ಎಷ್ಟು ಹೊತ್ತು ಕೀಳಬೇಕೆಂದು ನಾನು ಮೂರು ಬಣ್ಣದಲ್ಲಿ ಡ್ಯೂಟಿ ಚಾರ್ಟ್ ಬರೆದಿದ್ದೆ. ರಜಾಕಸಾಬರು ಅದನ್ನು ನಾಲ್ಕು ಮಡಿಕೆ ಮಾಡಿ, ಕೂರಲು ಕೆಳಗೆ ಹಾಸಿಕೊಂಡರು. ಒಂದೇ ನೋಟಕ್ಕೆ ಹುಲ್ಲಿನ ಗುರುತು ಹಿಡಿಯುವವರು ಅವರೊಬ್ಬರೇ ಆದ್ದರಿಂದ ಅಂದಿನ ಮುಖ್ಯಸ್ಥರೂ ಅವರೇ. ಎಲ್ಲರಿಗೂ ಕೆಲಸ ಹಂಚಿದರು. ನನ್ನ ಕೈಗೆ ಒಂದು ಖಾಲಿ ಚೀಲ ಕೊಟ್ಟರು.

“ನೀವು ಏನೂ ಕೀಳಬ್ಯಾಡ್ರಿ ಸಿಸ್ಟರ್. ಇದನ್ನ ಹಿಡಕೊಂಡು ನಿಂದರ್ರಿ. ತುಂಬಿದ ಮ್ಯಾಲೆ ಬಾಯಿ ಕಟ್ರಿ, ಸಾಕು.”

“ಯಾರ ಬಾಯಿ ರೀ, ಚೀಲದ್ದೇನು?” ಎಂದು ಯಜಮಾನರು ಆ ಕಡೆಯಿಂದ ಕೇಳಿದರು.

“ಮೊದಲ ಚೀಲದ್ದು ಕಟ್ಲಿ ಬಿಡ್ರಿ, ಮಾಸ್ತರ!”

ನಾನು ಎರಡನ್ನೂ ಕಟ್ಟಿದೆ.