ತಮ್ಮನ ದೋಣಿಗೆ ಐದೇ ಚುಕ್ಕಿ

ಒಂದು ಒಗಟು. ಅರ್ಧ ಮಾಡಿದರೆ ಪೂರ್ತಿ ಆಗುತ್ತೆ. ಚುಕ್ಕಿ ಇಟ್ಟು ಗೆರೆ ಎಳೆದರೆ, ಗೆರೆ ಚುಕ್ಕಿಯನ್ನು ಮುಟ್ಟುವುದೇ ಇಲ್ಲ. ನೀರು ಕಾಣದೆ ತೇಲುತ್ತೆ. ನೋಡಿದವರಿಗೆಲ್ಲ ಸವರಬೇಕು ಅನ್ನಿಸುತ್ತೆ, ಸವರಿದರೆ ಕೈಗೆ ಸಿಗೋದು ಬರೀ ಗಾಜು. ಏನದು?

ತಲೆ ಕೆಡಿಸಿಕೊಳ್ಳಬೇಡಿ, ನಿಮಗೆ ಬರಲ್ಲ. ಉತ್ತರ: ನನ್ನ ತಮ್ಮ ಕಂಪ್ಯೂಟರಿನಲ್ಲಿ ಮಾಡಿದ ದೋಣಿಯ ಒಡಲು.

ನಮ್ಮಪ್ಪ ಮೈಸೂರಿನಿಂದ ವೀಸಾ ಹಿಡಿದು ಆಸ್ಟ್ರೇಲಿಯಾಕ್ಕೆ ಬಂದವರು. ದೋಣಿ ಕಟ್ಟುವ ಕಂಪನಿಗಳಿಗೆ ಕಂಪ್ಯೂಟರಿನಲ್ಲಿ ದೋಣಿಯ ಆಕಾರ ಮಾಡಿಕೊಡೋದು ಅವರ ಕೆಲಸ. ಕೆಲಸ ಸಿಕ್ಕ ಕಡೆ ನಾವು: ಮೊದಲು ಪರ್ತ್, ಆಮೇಲೆ ಬ್ರಿಸ್ಬೇನ್, ಈಗ ಅಡಿಲೇಡ್. ಊರು ಬದಲಾದರೂ ನನಗೂ ತಮ್ಮನಿಗೂ ನಡುವೆ ಈ ದೋಣಿ ಪೈಪೋಟಿ ನಡೀತಾನೇ ಇರುತ್ತೆ. ನನಗೆ ಹದಿನೇಳು. ಹನ್ನೊಂದನೇ ಕ್ಲಾಸಿನ ಅರ್ಧದಲ್ಲೇ ಸ್ಕೂಲಿಗೆ ಕೈಮುಗಿದು ಬಂದವನು. ಅವನಿಗೆ ಹದಿನೈದು. ಅಡಿಲೇಡಿಗೆ ಬಂದ ಮೇಲೆ ಅಪ್ಪ ಒಂದು ಕರಾರು ಹಾಕಿದರು. ಜನವರಿಯೊಳಗೆ ನಾನು ಯಾವುದಾದರೂ ದೋಣಿ ಶೆಡ್‌ನಲ್ಲಿ ಕೆಲಸಕ್ಕೆ ಸೇರಬೇಕು. ಇಲ್ಲದಿದ್ದರೆ ಫೆಬ್ರವರಿಯಿಂದ ವಾಪಸ್ ಹನ್ನೊಂದನೇ ಕ್ಲಾಸು. ಫೆಬ್ರವರಿಗೆ ತಮ್ಮನೂ ಹನ್ನೊಂದಕ್ಕೆ ಬರೋನಿದ್ದ. ಒಂದೇ ಸ್ಕೂಲು, ಒಂದೇ ಕ್ಲಾಸು.

೧. ಹಾಗಲಕಾಯಿ

ಪರ್ತ್‌ನ ಸದರ್ನ್ ರಿವರ್‌ನಲ್ಲಿದ್ದಾಗಿನ ಮಾತು. ಒಂದು ಭಾನುವಾರ ಅಪ್ಪ ಲ್ಯಾಪ್‌ಟಾಪ್ ತೆಗೆದು ನಮ್ಮಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡರು.

"ನೋಡ್ರೋ, ಇದು ಗೆರೆ. ಇವು ಚುಕ್ಕಿ. ಚುಕ್ಕಿ ಎಳೆದ ಕಡೆಗೆ ಗೆರೆ ಬಾಗುತ್ತೆ, ಆದ್ರೆ ಅದರ ಮೇಲೆ ಹಾಯಲ್ಲ. ಇಂಥ ಗೆರೆಗಳನ್ನ ಸಾಲಾಗಿಟ್ಟು ಮೇಲೆ ಚರ್ಮ ಹೊದಿಸಿದ್ರೆ ದೋಣಿ. ಅರ್ಧ ಮಾಡಿದ್ರೆ ಸಾಕು, ಇನ್ನರ್ಧ ಕನ್ನಡಿ ಹಿಡಿದ ಹಾಗೆ ಅದೇ ಮಾಡಿಕೊಳ್ಳುತ್ತೆ. ಒಬ್ಬೊಬ್ರು ಒಂದೊಂದು ಮಾಡಿ."

ನಾನು ಮೂರು ಗಂಟೆ ಕೂತೆ. ಒಂದೊಂದು ಗೆರೆಗೂ ನಲವತ್ತು ಚುಕ್ಕಿ ಇಟ್ಟೆ. ಚುಕ್ಕಿ ಜಾಸ್ತಿ ಇದ್ದಷ್ಟೂ ಗೆರೆ ಹೇಳಿದ ಮಾತು ಕೇಳುತ್ತೆ ಅನ್ನೋದು ನನ್ನ ಲೆಕ್ಕ. ತಮ್ಮ ಐದು ಚುಕ್ಕಿ ಇಟ್ಟ, ಎರಡನ್ನ ಸ್ವಲ್ಪ ಅಲ್ಲಾಡಿಸಿದ, ಎದ್ದು ಹಿತ್ತಲಿಗೆ ಟ್ರ್ಯಾಂಪೊಲೀನ್ ಮೇಲೆ ಕುಣಿಯೋಕೆ ಹೋದ.

ಅಪ್ಪ ನನ್ನದನ್ನ ತಿರುಗಿಸಿ ತಿರುಗಿಸಿ ನೋಡಿದರು. "ಏನೋ ಇದು?"

"ದೋಣಿ."

"ಓ. ಹಾಗಲಕಾಯಿ ಅಂದ್ಕೊಂಡೆ."

ಚುಕ್ಕಿ ಹೆಚ್ಚಾದರೆ ಒಂದೊಂದೂ ಒಂದೊಂದು ಕಡೆ ಎಳೆದು ಮೈಯೆಲ್ಲ ಗಂಟಾಗುತ್ತಂತೆ. ಕಡಿಮೆ ಇದ್ದರೇ ನುಣುಪಂತೆ. ತಮ್ಮನದು ಬೆಣ್ಣೆ ಸವರಿಟ್ಟ ಹಾಗಿತ್ತು. ಹುಟ್ಟಿದಾಗಿನಿಂದ ನನ್ನನ್ನ ಸೋಮಾರಿ ಅಂತ ಬೈದ ಅಪ್ಪ, ಅವತ್ತು ಕಡಿಮೆ ಕೆಲಸ ಮಾಡಿದವನಿಗೆ ಐಸ್‌ಕ್ರೀಂ ಕೊಡಿಸಿದರು.

೨. ಟ್ಯೂಬ್‌ಲೈಟಿಗೆ ಹಿಡಿದು

ಬ್ರಿಸ್ಬೇನ್‌ನಲ್ಲಿ ನಮ್ಮ ಮನೆ ಇಂಡೂರೂಪಿಲ್ಲಿಯಲ್ಲಿತ್ತು. ಒಂದು ದಿನ ಡಾಕ್ಟರ್ ಆಂಟಿ ಒಬ್ಬರು ಊಟಕ್ಕೆ ಬಂದಿದ್ದರು. ಬಿಸಿಬೇಳೆ ಬಾತ್ ಬರುವ ಮುಂಚೆಯೇ ಅಪ್ಪ ತಮ್ಮನ ಹೊಸ ದೋಣಿಯನ್ನ ಟಿವಿ ಮೇಲೆ ಹಾಕಿಬಿಟ್ಟರು.

ಆ ಸಾಫ್ಟ್‌ವೇರ್‌ನಲ್ಲಿ ಒಂದು ಬಟನ್ ಇದೆ. ಒತ್ತಿದರೆ ದೋಣಿಯ ಮೈಮೇಲೆ ಕಪ್ಪು ಬಿಳಿ ಪಟ್ಟೆ ಬೀಳುತ್ತೆ. ಪಟ್ಟೆ ಎಲ್ಲೂ ಮುರಿಯದೆ ಹರಿದರೆ ಮೈ ನುಣುಪಾಗಿದೆ ಅಂತ ಅರ್ಥ. ಅಪ್ಪ ಬಟನ್ ಒತ್ತಿ, "ನೋಡಿ ಡಾಕ್ಟ್ರೇ, ಹದಿಮೂರು ವರ್ಷದ ಹುಡುಗ" ಅಂದರು. ಆಂಟಿ "ವಾವ್" ಅಂದರು. ನಾನು ಹಪ್ಪಳ ಮುರಿದೆ, ಸ್ವಲ್ಪ ಜೋರಾಗೇ.

ಅಮ್ಮ ಸೌಟು ಹಿಡಿದುಕೊಂಡು ಬಂದವರು ಟಿವಿ ಕಡೆ ಒಂದು ಸಲ ನೋಡಿ, "ಮೂತಿ ಹತ್ರ ನೆಗ್ಗಿದೆ" ಅಂದರು.

"ನಿಂಗೇನೇ ಗೊತ್ತು ಇದೆಲ್ಲ?"

"ಪಾತ್ರೆ ಅಂಗಡೀಲಿ ಎಷ್ಟು ಕೊಳಗ ಟ್ಯೂಬ್‌ಲೈಟಿಗೆ ಹಿಡಿದು ನೋಡಿಲ್ಲ ನಾನು? ಒಳಗೆ ಟ್ಯೂಬ್‌ಲೈಟ್ ಸೊಟ್ಟಗೆ ಕಂಡ್ರೆ ನೆಗ್ಗಿದೆ ಅಂತ. ಅಲ್ಲಿ ನೋಡಿ, ಪಟ್ಟೆ ಸೊಟ್ಟಗಿಲ್ವಾ?"

ಅಪ್ಪ ಹತ್ತಿರ ಎಳೆದು ನೋಡಿದರು. ನೆಗ್ಗಿತ್ತು. ನನಗಾದ ಆನಂದ ಹೇಳತೀರದು. ಇಷ್ಟು ವರ್ಷದಲ್ಲಿ ತಮ್ಮನ ಮೇಲೆ ಬಂದ ಮೊದಲ ದೂರು ಅದು. ಆ ಉತ್ಸಾಹದಲ್ಲಿ ಬುದ್ಧಿ ಕೈಕೊಟ್ಟಿತು. "ಅಮ್ಮಾ, ನಂದೂ ನೋಡು" ಅಂತ ನನ್ನ ದೋಣಿಯನ್ನೂ ಟಿವಿಗೆ ಹಾಕಿದೆ.

ಅಮ್ಮ ಸೌಟಿನ ಹಿಡಿಗೆ ಗಲ್ಲ ಆನಿಸಿಕೊಂಡು ತುಂಬಾ ಹೊತ್ತು ನೋಡಿದರು. "ಚಿಕ್ಕವನದ್ದು ಒಂದೇ ನೆಗ್ಗು ಕಣೋ, ರೇಟು ಸ್ವಲ್ಪ ಕಮ್ಮಿ ಮಾಡಿಸಿ ತಗೋಬಹುದು" ಅಂದರು. "ಇದನ್ನ ಅಂಗಡಿಯವನು ಪುಕ್ಕಟೆ ಕೊಟ್ರೂ, ಅಲ್ಲೇ ಬಿಟ್ಟು ಬರಬೇಕು."

೩. ಸ್ನಾನ ಮುಗಿಸಿ ಬಂದಾಗ ಇತ್ತು

ಇನ್ನು ಸುಮ್ಮನಿದ್ದರೆ ಆಗಲ್ಲ ಅಂತ ಒಂದು ಕಿತಾಪತಿ ಮಾಡಿದೆ. ತಮ್ಮನ ಸ್ಕೂಲಿನಲ್ಲಿ ಪ್ರಾಜೆಕ್ಟ್ ಪ್ರದರ್ಶನ ಇತ್ತು. ಅವನು ಅರ್ಧ ದೋಣಿ ಮುಗಿಸಿ, ಕನ್ನಡಿ ಹಾಕೋದೊಂದು ಬಾಕಿ ಇಟ್ಟು ಸ್ನಾನಕ್ಕೆ ಹೋಗಿದ್ದ. ನಾನು ಆ ಅರ್ಧವನ್ನ ಇಡಿಯಾಗಿ ಹಿಡಿದು ನಡುಗೆರೆಯಿಂದ ಒಂದು ಮೊಳ ಆಚೆಗೆ ಸರಿಸಿಟ್ಟೆ. ಈಗ ಕನ್ನಡಿ ಹಾಕಿದರೆ ಈ ಕಡೆ ಅರ್ಧ, ಆ ಕಡೆ ಅರ್ಧ, ನಡುವೆ ಗಾಳಿ. ದೋಣಿ ಎರಡು ಹೋಳು.

ತಮ್ಮ ತಲೆ ಒರೆಸಿಕೊಂಡು ಬಂದು ಕೂತ. ಕನ್ನಡಿ ಬಟನ್ ಒತ್ತಿದ. ಎರಡು ಹೋಳನ್ನ ಆ ಕಡೆ ಈ ಕಡೆ ತಿರುಗಿಸಿ ನೋಡಿದ. ನಾನು ದಿಂಬಿನಲ್ಲಿ ಮುಖ ಹುದುಗಿಸಿ ನಗು ತಡೆದೆ.

"ಓ, ಕೂಲ್" ಅಂದ ಅವನು. ಹೋಳುಗಳ ತೆರೆದ ಪಕ್ಕಕ್ಕೆ ಒಂದೊಂದು ಗೋಡೆ ಮುಚ್ಚಿದ, ಮೇಲೆ ಒಂದು ಹಲಗೆ ಹಾಸಿದ. ಎರಡು ಒಡಲಿನ ಕ್ಯಾಟಮರಾನ್ ಆಯ್ತು.

ಸ್ಕೂಲಿನಲ್ಲಿ ಮೊದಲ ಬಹುಮಾನ. ಅಪ್ಪ ಸರ್ಟಿಫಿಕೇಟನ್ನ ಫ್ರಿಜ್ಜಿಗೆ ಅಂಟಿಸುತ್ತಾ, "ಈ ಐಡಿಯಾ ಹೆಂಗೋ ಹೊಳೀತು ನಿಂಗೆ?" ಅಂತ ಕೇಳಿದರು.

"ಡನ್ನೋ. ಸ್ನಾನ ಮಾಡ್ಕೊಂಡು ಬಂದಾಗ ಇಟ್ ವಾಸ್ ಜಸ್ಟ್ ದೇರ್."

"ನೋಡೇ, ಸ್ನಾನ ಮಾಡ್ತಾ ಇರುವಾಗ್ಲೂ ಇವನ ತಲೆ ಓಡ್ತಾ ಇರುತ್ತೆ" ಅಂದರು ಅಪ್ಪ ಅಮ್ಮನಿಗೆ.

ನಾನೇ ಮಾಡಿದ್ದು ಅಂದರೆ ಏಟು. ಅನ್ನದಿದ್ದರೆ ಹೊಟ್ಟೆಯುರಿ. ಹಾಲಿಗೆ ಅಂತ ಫ್ರಿಜ್ ತೆಗೆಯೋಕೆ ಹೋದರೆ ಬಾಗಿಲ ಮೇಲೆ ನನ್ನ ಐಡಿಯಾಕ್ಕೆ ಅವನ ಹೆಸರು. ಆ ವರ್ಷವೆಲ್ಲ ಹಾಲಿಲ್ಲದ ಕಪ್ಪು ಕಾಫಿಯನ್ನೇ ಕುಡಿದೆ.

೪. ಮಂಗನಬಾವು

ಈಗ ಅಡಿಲೇಡ್, ಸ್ಯಾಲಿಸ್‌ಬರಿ. ಕಳೆದ ಡಿಸೆಂಬರ್ ಕೊನೆಯ ಮಾತು. ಅಪ್ಪನಿಗೆ ಪರಿಚಯದ ದೋಣಿ ಶೆಡ್ ಮಾಲೀಕ, ಒಬ್ಬ ಬಿಳಿಗಡ್ಡದ ಆಸ್ಟ್ರೇಲಿಯನ್ ಮುದುಕ, ಕೆಲಸ ಕಲಿಯೋಕೆ ಒಬ್ಬ ಹುಡುಗ ಬೇಕು ಅಂದಿದ್ದ. "ನೀನು ಮಾಡಿದ ಒಂದು ದೋಣಿ ಪೆನ್ ಡ್ರೈವ್‌ನಲ್ಲಿ ತಗೊಂಡು ಬಾ ಅಂದಿದಾನೆ" ಅಂದರು ಅಪ್ಪ. "ಇದೂ ಹೋದ್ರೆ ಫೆಬ್ರವರಿ, ಗೊತ್ತಲ್ಲ?"

ಗೊತ್ತಿತ್ತು. ಅದಕ್ಕೇ ತಮ್ಮನ ದೋಣಿಯನ್ನ ಕಾಪಿ ಮಾಡಿಕೊಂಡು ಹೋದೆ.

ಮುದುಕ ಪಟ್ಟೆ ಹಾಕಿ ನೋಡಿದ. ಪಟ್ಟೆ ಹೊಳೆಯ ಹಾಗೆ ಹರೀತು. "ನೀನೇ ಮಾಡಿದ್ದಾ, ಮೇಟ್?"

"ಮತ್ತಿನ್ಯಾರು?"

"ಹಾಗಾದ್ರೆ ಮೂತಿ ಒಂದಿಷ್ಟು ಮೇಲಕ್ಕೆ ಎತ್ತು, ನೋಡೋಣ."

ಚುಕ್ಕಿ ಎಳೆದೆ. ಮೂತಿ ಬಂತು, ಜೊತೆಗೆ ಪಕ್ಕೆಯೂ ಬಂತು. ಪಕ್ಕೆ ಸರಿ ಮಾಡೋಕೆ ಇನ್ನೊಂದು ಚುಕ್ಕಿ ಸೇರಿಸಿದೆ. ಅದು ಕೆಡಿಸಿದ್ದನ್ನ ಸರಿ ಮಾಡೋಕೆ ಮತ್ತೆರಡು. ಐದು ನಿಮಿಷದಲ್ಲಿ ದೋಣಿಯ ಎರಡೂ ಕೆನ್ನೆಗೆ ಮಂಗನಬಾವು ಬಂದಿತ್ತು.

ಮುದುಕ ಕುರ್ಚಿಯಿಂದ ಎದ್ದ. ನನ್ನನ್ನ ಶೆಡ್ಡಿನ ಹಿಂಭಾಗಕ್ಕೆ ಕರೆದುಕೊಂಡು ಹೋದ. ಅಲ್ಲಿ ನಿಜವಾದ ಮರದ ದೋಣಿಯೊಂದು ಬೋರಲಾಗಿ ಮಲಗಿತ್ತು. ನನ್ನ ಕಣ್ಣಿಗೆ ಒಂದು ಬಟ್ಟೆ ಕಟ್ಟಿದ.

"ಕೈಯಾಡಿಸು. ಎಲ್ಲೆಲ್ಲಿ ಉಬ್ಬಿದೆ ಹೇಳು."

ಅಂಗೈ ಇಟ್ಟು ನಿಧಾನಕ್ಕೆ ನಡೆದೆ. "ಇಲ್ಲೊಂದು. ಇಲ್ಲಿ ಇನ್ನೊಂದು. ಇಲ್ಲಿ ಸಣ್ಣದು." ಅವನು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಬಂದ. ಒಟ್ಟು ನಾಲ್ಕು ಹಿಡಿದೆ.

"ನನಗೆ ಮೂರೇ ಗೊತ್ತಿದ್ದಿದ್ದು" ಅಂದ ಮುದುಕ. "ನುಣುಪು ಮಾಡೋರು ಬೇಕಾದಷ್ಟು ಜನ ಸಿಗ್ತಾರೆ. ಉಬ್ಬನ್ನ ಇಷ್ಟು ಹತ್ತಿರದಿಂದ ಬಲ್ಲವನು ಇವತ್ತೇ ಸಿಕ್ಕಿದ್ದು. ಸೋಮವಾರ ಬಾ."

ಹೊರಗೆ ಕಾರಿನಲ್ಲಿ ಕಾಯ್ತಿದ್ದ ಅಪ್ಪ ಇಳಿದು ಬಂದು ಬೆನ್ನು ತಟ್ಟಿದರು. ಜೊತೆಗೆ ಬಂದಿದ್ದ ನನ್ನ ತಮ್ಮ, ಇಂಗ್ಲಿಷ್ ಬಿಟ್ಟು, "ಅಣ್ಣಾ, ನಂಗೂ ಹೇಳಿಕೊಡ್ತೀಯಾ?" ಅಂತ ಕನ್ನಡದಲ್ಲಿ ಕೇಳಿದ. ಅವನ ಕಣ್ಣಲ್ಲಿ ಹೊಟ್ಟೆಕಿಚ್ಚು ಚೆನ್ನಾಗೇ ಕಾಣ್ತಿತ್ತು.

ಇಷ್ಟಕ್ಕೇ ನಿಲ್ಲಿಸಬೇಕು ಅಂತಲೇ ಇದ್ದೆ. ಆದರೆ ಇದನ್ನ ಅಮ್ಮ ಓದ್ತಾರೆ. ಶೆಡ್ಡಿನ ಹಿಂಭಾಗ, ಕಣ್ಣಿಗೆ ಕಟ್ಟಿದ ಬಟ್ಟೆ, ಆಮೇಲಿನದೆಲ್ಲ ನಾನೇ ಕಟ್ಟಿದ್ದು. ಮಂಗನಬಾವಿನವರೆಗೆ ಮಾತ್ರ ನಿಜ. ಆಮೇಲೆ ಮುದುಕ ಮಾಡಿದ್ದು ಇಷ್ಟೇ: ಫೈಲಿನ ವಿವರ ತೆಗೆದು ನೋಡಿದ. ಮಾಡಿದವರ ಹೆಸರು ಅಲ್ಲಿ ತಾನಾಗೇ ಬಂದು ಕೂತಿರುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ.

"ಈ ಹೆಸರಿನವನು ಯಾರು?"

"ನನ್ನ ತಮ್ಮ."

"ಅವನನ್ನ ಶನಿವಾರ ಶನಿವಾರ ಕಳಿಸು."

ಫೆಬ್ರವರಿಯೂ ಬಂತು. ಈಗ ಹನ್ನೊಂದನೇ ಕ್ಲಾಸಿನಲ್ಲಿ ಅವನ ಹಿಂದಿನ ಸೀಟು ನನ್ನದು. ಕಾರು ಓಡಿಸೋಕೆ ಅವನಿಗಿನ್ನೂ ವಯಸ್ಸಾಗಿಲ್ಲ, ನನಗೆ ಲೈಸೆನ್ಸ್ ಬಂದಿದೆ. ಅದೊಂದರಲ್ಲಿ ಮಾತ್ರ ನಾನು ಅವನಿಗಿಂತ ಮುಂದೆ. ಹಾಗಾಗಿ ಪ್ರತಿ ಶನಿವಾರ ಶೆಡ್ಡಿನವರೆಗೂ ನಾನು ಮುಂದೆ ಕೂತು ಓಡಿಸ್ತೀನಿ, ಅವನು ಹಿಂದೆ ಕಾಲು ಚಾಚಿ ನಿದ್ದೆ ಹೊಡೀತಾನೆ.