ಮಾವನ ಸಮನ್ವಯ

ನನ್ನ ಸೋದರಮಾವನನ್ನು ದಿಲ್ಲಿಯಿಂದ ಗಡೀಪಾರು ಮಾಡಿ ಎಂದು ನಾನೊಂದು ಅರ್ಜಿ ಬರೆದಿದ್ದರೆ ನಾವಿದ್ದ ಆರ್.ಕೆ.ಪುರಂನ ಅರ್ಧ ಕ್ವಾರ್ಟರ್ಸು ಸಹಿ ಹಾಕುತ್ತಿತ್ತು. ಮೊದಲ ಸಹಿ ನನ್ನದೇ.

ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದಿದ ಮಾವ ಕೇಂದ್ರ ಸರಕಾರದ ಗುಮಾಸ್ತರಾದರು. ಓದಿದ್ದನ್ನೆಲ್ಲ ನಮ್ಮ ಮೇಲೆ ಪ್ರಯೋಗಿಸಿದರು. ಎಲ್ಲಿ ಜಗಳವಾದರೂ ಮೂರು ಬೆರಳು ಎತ್ತುತ್ತಿದ್ದರು. "ಇದು ವಾದ. ಇದು ಪ್ರತಿವಾದ. ಎರಡೂ ಗುದ್ದಾಡಿದರೆ ಹುಟ್ಟೋದು ಸಮನ್ವಯ."

ಹತ್ತನೇ ಕ್ಲಾಸು ಮುಗಿದಾಗ ಅಪ್ಪ ಸೈನ್ಸ್ ಅಂದರು, ನಾನು ಆರ್ಟ್ಸ್ ಅಂದೆ. ಮಾವ ಬೆರಳೆತ್ತಿದರು. ನಾನು ಎರಡು ವರ್ಷ ಹೋಮ್ ಸೈನ್ಸ್ ಓದಿದೆ! ಆ ಸಿಟ್ಟು ಇನ್ನೂ ಇಳಿದಿಲ್ಲ.

ಜೂನ್ ತಿಂಗಳ ಒಂದು ಮಧ್ಯಾಹ್ನ ಮಾವ ನನ್ನನ್ನು ಯಮುನೆಯಾಚೆಯ ಲಕ್ಷ್ಮೀ ನಗರದ ಕೋಚಿಂಗ್ ಕ್ಲಾಸಿಗೆ ಕರೆದುಕೊಂಡು ಹೊರಟರು. ಆಟೋದವನು ನದಿ ದಾಟಿ ಬರುವುದಿಲ್ಲ ಎಂದು ಹಟ ಹಿಡಿದ. "ಅಚ್ಛಾ ಭಯ್ಯಾ, ನಿಮ್ಮ ಮಾತೂ ಬೇಡ, ನಮ್ಮ ಮಾತೂ ಬೇಡ" ಎಂದು ಮಾವ ಹಿಂದಿಯಲ್ಲಿ ರಾಜಿ ಮಾಡಿಕೊಂಡರು. ಅವನು ನಮ್ಮನ್ನು ಯಮುನಾ ಸೇತುವೆಯ ನಟ್ಟನಡುವೆ ಇಳಿಸಿ ಹೋದ. ಅಲ್ಲಿ ಯಾರಿಗೆ ಏನು ಕೆಲಸ, ಹೇಳಿ? ಸುಡುವ ಬಿಸಿಲಿನಲ್ಲಿ ನಡೆದೆವು.

ಇದನ್ನೆಲ್ಲ ಮರೆಯಬಹುದಿತ್ತು. ಆದರೆ ನನ್ನ ಮದುವೆಗೂ ಕೈ ಹಾಕಿದರು. ಹುಡುಗ ನನ್ನ ಆಫೀಸಿನವನು, ಪಂಜಾಬಿ. ಅಪ್ಪ ಆಗುವುದಿಲ್ಲ ಎಂದರು, ನಾನು ಆಗಿಯೇ ತೀರುತ್ತೇನೆ ಎಂದೆ. ಮಾವ ಎರಡು ದಿನ ಯೋಚಿಸಿ ತೀರ್ಪು ಕೊಟ್ಟರು.

"ನಿಶ್ಚಿತಾರ್ಥ ಆಗಲಿ. ಮದುವೆ ಬೇಡ."

"ನಿಮಗೆ ತಲೆ ಕೆಟ್ಟಿದೆಯಾ ಮಾವ? ಇನ್ನು ನನ್ನ ಕಣ್ಣಿಗೆ ಬೀಳಬೇಡಿ" ಎಂದು ಕೂಗಾಡಿ ಮನೆ ಬಿಟ್ಟೆ. ರಿಜಿಸ್ಟರ್ ಮದುವೆಯಾಯಿತು. ಲಕ್ಷ್ಮೀ ನಗರದಲ್ಲೇ ಬಾಡಿಗೆಗೆ ಮನೆ ಹಿಡಿದೆವು. ಅಪ್ಪ ಬರಲಿಲ್ಲ, ಫೋನೂ ಮಾಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ಭಾನುವಾರ ಬಾಗಿಲು ತೆಗೆದರೆ ಮಾವ. ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು.

"ಈಗ ಏನು ತೀರ್ಪು ತಂದಿರಿ?" ಎಂದೆ.

ಮಾವ ಬೆರಳೆತ್ತಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತರು.

"ನಿನ್ನ ಹೆಸರು ಎತ್ತಿದರೆ ಭಾವ ಊಟ ಬಿಟ್ಟು ಏಳ್ತಾರೆ ಪುಟ್ಟೀ. ಟಿವಿಯಲ್ಲಿ ಲಕ್ಷ್ಮೀ ನಗರಕ್ಕೆ ನೀರಿಲ್ಲ ಅಂದರೆ ರಾತ್ರಿ ನಿದ್ದೆ ಮಾಡಲ್ಲ. ಮೊದಲು ಎರಡರಲ್ಲಿ ಒಂದು ಸುಳ್ಳು ಅಂದುಕೊಂಡೆ. ಎರಡೂ ನಿಜ ಕಣೇ. ಒಂದು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೀನಿ. ಎರಡನ್ನೂ ಹೊಂದಿಸೋದು ನನ್ನ ಕೈಲಿ ಆಗ್ತಿಲ್ಲ."

ಅವರ ಕಣ್ಣು ತುಂಬಿತ್ತು. ಬೈಯಲು ಬಾಯಿ ತೆರೆದಿದ್ದ ನಾನು ಪಕ್ಕದಲ್ಲಿ ಕೂತೆ. ಗಂಡ ಪಕ್ಕದ ಮನೆಯಿಂದ ಒಂದು ಲೋಟ ನೀರು ಕೇಳಿ ತಂದು ಕೊಟ್ಟ.

ಹೊರಡುವಾಗ ಮೆಟ್ಟಿಲ ಮೇಲೆ ನಿಂತು ತಿರುಗಿದರು. "ಇಲ್ಲಿಗೆ ಬಂದಿದ್ದು ಭಾವನಿಗೆ ಹೇಳಿಲ್ಲ. ಆದರೂ ಊಹಿಸಿ ಕೇಳ್ತಾರೆ, ನೀರು ಬಂತಂತಾ ಅಂತ. ಏನು ಹೇಳಲಿ?"

ನಲ್ಲಿ ಒಣಗಿ ಮೂರು ದಿನವಾಗಿತ್ತು.

"ಧಾರಾಳವಾಗಿ ಬರ್ತಿದೆ ಅನ್ನಿ ಮಾವ" ಎಂದೆ.